ಜೆಟ್ ಮಾಡೆಲ್‌ನಲ್ಲಿ ಸಿಗ್ನಲ್ ತಪ್ಪುವುದೆಲ್ಲಿ?

ಗಂಟೆಗೆ 300 ಕಿ.ಮೀ. ವೇಗದ, ರೇಡಿಯೊದಿಂದ ನಿಯಂತ್ರಿಸುವ ಮಾಡೆಲ್ ಜೆಟ್ ಒಂದೇ ಸೆಕೆಂಡಿನಲ್ಲಿ ಸುಮಾರು 83 ಮೀಟರ್ ಸಾಗುತ್ತದೆ. ನಿಧಾನವಾಗಿ ಹಾರುವ ಟ್ರೇನರ್ ವಿಮಾನದಲ್ಲಿ ಯಾರ ಕಣ್ಣಿಗೂ ಬೀಳದ ಅರೆಗಳಿಗೆಯ ಅಡಚಣೆ ಇಲ್ಲಿ ವಿಮಾನವನ್ನೇ ನೆಲಕ್ಕಪ್ಪಳಿಸಬಹುದು.

ಸ್ಟಿಕ್ ಅಲ್ಲಾಡಿಸಿದರೂ ವಿಮಾನ ಕೇಳದಿದ್ದಾಗ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ರೇಡಿಯೊ ಅಲೆ ವಿಮಾನದೊಳಗಿನ ರಿಸೀವರ್ ಅನ್ನು ಮುಟ್ಟಿಲ್ಲ, ಅಥವಾ ರಿಸೀವರ್‌ಗೇ ವಿದ್ಯುತ್ ಸಾಲದೆ ಅದು ಆರಿಹೋಗಿದೆ. ನೆಲದಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಪರಿಹಾರ ಮಾತ್ರ ಬೇರೆ ಬೇರೆ. ಹಾಗಾಗಿ ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಬದಲಿಸಲು ಹೊರಡುವ ಮುನ್ನ ಯಾವುದಾಗಿದೆ ಎಂದು ಖಚಿತಪಡಿಸಿಕೊಳ್ಳಿ.

ಮೊದಲು ಆಂಟೆನಾ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂ.ಮೀ.; ಅದರ ಕಾಲು ಭಾಗ 31 ಮಿ.ಮೀ. ರಿಸೀವರ್‌ನಿಂದ ಹೊರಬರುವ ತಂತಿಯಲ್ಲಿ ನಿಜವಾದ ಆಂಟೆನಾ ಎಂದರೆ ತುದಿಯ ಈ 31 ಮಿ.ಮೀ. ಮಾತ್ರ. ಉಳಿದದ್ದು ಕವಚವಿರುವ ಕೋಆಕ್ಸ್ ಕೇಬಲ್. ಕೇಬಲ್ ಸುತ್ತಿಬಳಸಿ ಹೋದರೆ ತೊಂದರೆಯಿಲ್ಲ, ಆದರೆ ಗಟ್ಟಿಯಾಗಿ ಮಡಚಬಾರದು. ತುದಿ ಮಾತ್ರ ನೆಟ್ಟಗಿರಲೇಬೇಕು. ಅದು ತುಂಡಾದರೆ ಇಡೀ ಆಂಟೆನಾ ಬದಲಿಸಿ.

ತುದಿ ಯಾವ ದಿಕ್ಕಿಗೆ ಚಾಚಿದೆಯೋ ಆ ದಿಕ್ಕಿನಿಂದ ಬರುವ ಅಲೆಯನ್ನು ಆಂಟೆನಾ ತೀರಾ ದುರ್ಬಲವಾಗಿ ಹಿಡಿಯುತ್ತದೆ. ರಿಸೀವರ್‌ನ ಎರಡು ಆಂಟೆನಾಗಳ ತುದಿಗಳನ್ನು 90 ಡಿಗ್ರಿ ಕೋನದಲ್ಲಿ ಇಡುವುದು ಇದಕ್ಕಾಗಿಯೇ. ಟ್ರಾನ್ಸ್‌ಮಿಟರ್‌ಗೂ ಇದೇ ನಿಯಮ: ಆಂಟೆನಾದ ತುದಿಯನ್ನು ವಿಮಾನದತ್ತ ಗುರಿಯಿಡಬೇಡಿ, ಅದರ ಪಕ್ಕ ವಿಮಾನದ ಕಡೆಗಿರಲಿ.

ಜೆಟ್‌ನಲ್ಲಿ ಅಲೆಗೆ ಅಡ್ಡ ಬರುವ ವಸ್ತುಗಳು ಬಹಳ. ಫೈಬರ್‌ಗ್ಲಾಸ್ ಅಲೆಯನ್ನು ಹಾದುಹೋಗಲು ಬಿಡುತ್ತದೆ, ಕಾರ್ಬನ್ ಫೈಬರ್ ತಡೆಯುತ್ತದೆ. ತುಂಬಿದ ಇಂಧನ ಟ್ಯಾಂಕ್, ಬ್ಯಾಟರಿಗಳು, ಟರ್ಬೈನ್, ಅದರ ಹಿಂದಿನ ಲೋಹದ ಕೊಳವೆ, ಲ್ಯಾಂಡಿಂಗ್ ಗೇರ್, ಇವೆಲ್ಲ ವಿಮಾನ ತಿರುಗಿದಂತೆ ಒಂದೊಂದು ಕಡೆಯಿಂದ ನೆರಳು ಹಾಕುತ್ತವೆ. ಆದ್ದರಿಂದ ಒಂದೇ ಜಾಗದಲ್ಲಿ ಎರಡು ಆಂಟೆನಾ ಇಟ್ಟು ಸುಮ್ಮನಾಗುವುದು ಸಾಲದು. ಉಪರಿಸೀವರ್‌ಗಳಿದ್ದರೆ (ಮುಖ್ಯ ರಿಸೀವರ್‌ಗೆ ತಂತಿಯಿಂದ ಜೋಡಿಸುವ ಹೆಚ್ಚುವರಿ ರಿಸೀವರ್‌ಗಳು) ಒಂದನ್ನು ಮೂಗಿನ ಬಳಿ, ಇನ್ನೊಂದನ್ನು ಟ್ಯಾಂಕಿನ ಆಚೆ ಬದಿಗೆ, ಬೇರೆ ಬೇರೆ ದಿಕ್ಕಿಗೆ ಕೂರಿಸಿ. ತುದಿಗಳನ್ನು ತೆಳು ಪ್ಲಾಸ್ಟಿಕ್ ಕೊಳವೆಯೊಳಗೆ ತೂರಿಸಿದರೆ ಅವು ಅಲುಗುವುದಿಲ್ಲ. ಕಾರ್ಬನ್ ದೇಹವಾದರೆ ತುದಿಗಳನ್ನು ಹೊರಗೇ ತರಬೇಕು, ಬೇರೆ ದಾರಿಯಿಲ್ಲ. ಇಂಧನ ಪಂಪ್ ಮತ್ತು ಇಸಿಯು (ಟರ್ಬೈನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ತಂತಿಗಳಿಂದಲೂ ದೂರವಿಡಿ. ಪಂಪಿನ ಬ್ರಷ್ ಮೋಟಾರ್ ವಿದ್ಯುತ್ ಗದ್ದಲ ಹುಟ್ಟಿಸುತ್ತದೆ. ಇಸಿಯುಗೆ ಪ್ರತ್ಯೇಕ ಬ್ಯಾಟರಿಯೇ ಇರಲಿ.

ಇನ್ನು ವಿದ್ಯುತ್. ಕಲಿಯುವವರು ಹೆಚ್ಚಾಗಿ ಕಡೆಗಣಿಸುವುದು ಇದನ್ನೇ. ವೇಗದಲ್ಲಿ ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಭಾಗ) ಎಳೆದಾಗ, ಇಂಥ ಭಾಗಗಳನ್ನು ಅಲುಗಿಸುವ ಬಲಶಾಲಿ ಡಿಜಿಟಲ್ ಸರ್ವೊ ಮೋಟಾರ್‌ಗಳು ಒಟ್ಟಿಗೇ ಹಲವು ಆಂಪಿಯರ್ ಸೆಳೆಯುತ್ತವೆ. ತೆಳ್ಳನೆಯ ತಂತಿ, ಸವೆದ ಸ್ವಿಚ್, ಸಡಿಲ ಕನೆಕ್ಟರ್‌ಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ. ಹಲವು ರಿಸೀವರ್‌ಗಳು 3.5 ವೋಲ್ಟ್ ಆಸುಪಾಸಿಗೆ ಇಳಿದರೆ ನಿಂತು, ಮತ್ತೆ ಮೊದಲಿನಿಂದ ಚಾಲೂ ಆಗುತ್ತವೆ. ಹೊರೆಯಿಲ್ಲದೆ ಮೀಟರ್ ಹಿಡಿದು ನೋಡಿದರೆ ಇದು ತಿಳಿಯದು. ಸ್ಟಿಕ್‌ಗಳನ್ನು ಒಟ್ಟಿಗೇ ಆಡಿಸುತ್ತ, ರೆಕ್ಕೆಯ ಚಲಿಸುವ ಭಾಗಗಳನ್ನು ಕೈಯಿಂದ ಹದವಾಗಿ ತಡೆಯುತ್ತ, ಟೆಲಿಮೆಟ್ರಿಯ (ವಿಮಾನದಿಂದ ಟ್ರಾನ್ಸ್‌ಮಿಟರ್‌ಗೆ ಮರಳಿ ಬರುವ ಮಾಹಿತಿ) ಕನಿಷ್ಠ ವೋಲ್ಟೇಜ್ ನೋಡಿ. 5 ವೋಲ್ಟ್‌ಗಿಂತ ಕೆಳಗಿಳಿದರೆ ಹಾರಿಸಬೇಡಿ. ಎರಡು ಬ್ಯಾಟರಿ, ಎರಡು ಪ್ರತ್ಯೇಕ ಜೋಡಿ ತಂತಿಗಳು ಜೆಟ್‌ಗೆ ಅತಿಯಾದ ಎಚ್ಚರಿಕೆಯಲ್ಲ.

ರೇಂಜ್ ಚೆಕ್ (ಸಿಗ್ನಲ್ ಎಷ್ಟು ದೂರ ಮುಟ್ಟುತ್ತದೆ ಎಂಬ ಪರೀಕ್ಷೆ) ಅನ್ನು ಟ್ಯಾಂಕ್ ತುಂಬಿಸಿಯೇ ಮಾಡಿ. ಮಾಡೆಲ್ ಅನ್ನು ಮೇಜಿನ ಎತ್ತರಕ್ಕೆ ಏರಿಸಿ, ಟ್ರಾನ್ಸ್‌ಮಿಟರ್ ಅನ್ನು ಕಡಿಮೆ ಶಕ್ತಿಯ ಮೋಡ್‌ಗೆ ಹಾಕಿ, ತಯಾರಕರು ಹೇಳಿದಷ್ಟು ದೂರ, ಸಾಮಾನ್ಯವಾಗಿ 30 ಮೀಟರ್ ಆಸುಪಾಸು, ನಡೆಯಿರಿ. ಮೂಗು, ಬಾಲ, ಎರಡೂ ಬದಿ, ಹೊಟ್ಟೆ ಎಲ್ಲವನ್ನೂ ನಿಮ್ಮತ್ತ ತಿರುಗಿಸಿ ನೋಡಬೇಕು. ಆಮೇಲೆ ನೆಲದಲ್ಲಿ ಭದ್ರವಾಗಿ ಕಟ್ಟಿ, ಟರ್ಬೈನ್ ಬಂದ್ ಇರುವಾಗ ಒಮ್ಮೆ, ಚಾಲೂ ಮಾಡಿ ಇನ್ನೊಮ್ಮೆ ಅದೇ ಜಾಗದಿಂದ ಹೋಲಿಸಿ. ಚಾಲೂ ಇರುವಾಗ ಮಾತ್ರ ಕೆಟ್ಟರೆ ದೋಷ ಪಂಪ್, ವೈರಿಂಗ್ ಅಥವಾ ಕಂಪನದ ಕಡೆಗಿದೆ.

ಹಾರಾಟದ ದಾಖಲೆ ಓದಲು ಕಲಿಯಿರಿ. ಸ್ಪೆಕ್ಟ್ರಮ್ (Spektrum) ಕಂಪನಿಯ ಪದ್ಧತಿಯಲ್ಲಿ ಒಂದು ಆಂಟೆನಾ ಮಾಹಿತಿಯ ತುಣುಕನ್ನು ಕಳೆದುಕೊಂಡರೆ ‘ಫೇಡ್’, ಎಲ್ಲ ಆಂಟೆನಾಗಳೂ ಒಂದೇ ತುಣುಕನ್ನು ಕಳೆದುಕೊಂಡರೆ ‘ಫ್ರೇಮ್ ಲಾಸ್’, ಸತತ 45 ಫ್ರೇಮ್ ಹೋದರೆ ‘ಹೋಲ್ಡ್’. ಒಂದೇ ಆಂಟೆನಾದ ಫೇಡ್ ಎದ್ದು ಕಂಡರೆ ಅದರ ಜಾಗ ಬದಲಿಸಿ. ಹೋಲ್ಡ್ ಒಂದು ಬಂದರೂ ಕಾರಣ ಸಿಗುವವರೆಗೆ ಹಾರಾಟ ನಿಲ್ಲಿಸಿ. ಈ ಅಂಕಿಗಳನ್ನು ತೋರಿಸುವ ಫ್ಲೈಟ್ ಲಾಗ್ ಘಟಕವನ್ನು ರಿಸೀವರ್ ಬಂದ್ ಮಾಡುವ ಮೊದಲೇ ಜೋಡಿಸಬೇಕು, ಬಂದ್ ಮಾಡಿದರೆ ಅಂಕಿಗಳು ಅಳಿಸಿಹೋಗುತ್ತವೆ.

ಫೇಲ್‌ಸೇಫ್‌ನಲ್ಲಿ, ಅಂದರೆ ಸಿಗ್ನಲ್ ತಪ್ಪಿದಾಗ ರಿಸೀವರ್ ತಾನೇ ಹೋಗುವ ಮೊದಲೇ ಹೊಂದಿಸಿದ ಸ್ಥಿತಿಯಲ್ಲಿ, ಥ್ರಾಟಲ್ ಇಸಿಯು ‘ಆಫ್’ ಎಂದು ಗುರುತಿಸುವ ಮಟ್ಟಕ್ಕೇ ಹೋಗಬೇಕು. ಟರ್ಬೈನ್ ಆರಿರುವಾಗ ಟ್ರಾನ್ಸ್‌ಮಿಟರ್ ಬಂದ್ ಮಾಡಿ, ಇಸಿಯು ತೆರೆಯಲ್ಲಿ ಅದು ತೋರುತ್ತದೆಯೇ ನೋಡಿ. ಮತ್ತೊಮ್ಮೆ ಬೈಂಡ್ ಮಾಡಿದರೆ (ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಅನ್ನು ಜೋಡಿ ಮಾಡಿದರೆ) ಹಳೆಯ ಫೇಲ್‌ಸೇಫ್ ಬದಲಾಗಬಹುದು, ಆಗ ಈ ಪರೀಕ್ಷೆಯನ್ನು ಪುನಃ ಮಾಡಿ.