ದರೆಯಲ್ಲಿ ಹಬ್ಬಿದ ಹಳದಿ ಹೂವಿನ ಬಳ್ಳಿ ಭೃಂಗರಾಜವೇ?

“ಮನೆಯೆದುರಿನ ದರೆಯಲ್ಲಿ ಹಳದಿ ಭೃಂಗರಾಜ ಹಬ್ಬಿದೆ, ಅದರ ಸೊಪ್ಪು ಹಾಕಿ ತಲೆಗೆ ಎಣ್ಣೆ ಕಾಯಿಸಬಹುದೇ?” ಉಡುಪಿ, ಮಂಗಳೂರಿನ ಓದುಗರಿಂದ ಪ್ರತಿ ಮಳೆಗಾಲವೂ ಬರುವ ಈ ಪ್ರಶ್ನೆಗೆ ಹಿಂದೆಯೂ ಉತ್ತರಿಸಿದ್ದೇನೆ. ಅದು ಭೃಂಗರಾಜವಲ್ಲ, ದಯವಿಟ್ಟು ಎಣ್ಣೆಗೆ ಹಾಕಬೇಡಿ.

ದರೆ, ತೋಡಿನ ಬದಿ, ರಸ್ತೆಯಂಚುಗಳಲ್ಲಿ ಚಾಪೆ ಹಾಸಿದಂತೆ ಕಾಣುವ ಆ ಬಳ್ಳಿಯ ಮೂಲ ಮಧ್ಯ ಅಮೆರಿಕ, ಕೆರಿಬಿಯನ್ ಪ್ರದೇಶ. ಬೇರೆಡೆಗಳಿಗೆ ಅದು ಹೋದದ್ದು ಅಲಂಕಾರದ ಗಿಡವಾಗಿ. ಸ್ಫ್ಯಾಗ್ನೆಟಿಕೋಲ ಟ್ರೈಲೋಬೇಟ ಎಂಬ ಈ ಸಸ್ಯ ಜಗತ್ತಿನ ಅತಿ ಹಾನಿಕರವಾದ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ನಮ್ಮ ಹಳದಿ ಭೃಂಗರಾಜ ಸ್ಫ್ಯಾಗ್ನೆಟಿಕೋಲ ಕ್ಯಾಲೆಂಡುಲೇಸಿಯ. ಸೇವಂತಿಗೆಯ ಕುಟುಂಬದ ಈ ಎರಡನ್ನೂ ಹಿಂದೆ ವೆಡೇಲಿಯ ಎಂಬ ಒಂದೇ ಕುಲದಲ್ಲಿ ಇರಿಸಿದ್ದರು. ನರ್ಸರಿಯವರು ಅಮೆರಿಕದ ಬಳ್ಳಿಯನ್ನು ಇಂದಿಗೂ ಅದೇ ಹೆಸರಿನಲ್ಲಿ ಮಾರುವುದರಿಂದ, ಆ ಹೆಸರು ಹಿಡಿದು ಹುಡುಕಿದವರಿಗೆ ಭೃಂಗರಾಜದ ಔಷಧಗುಣಗಳ ವಿವರ ಸಿಗುತ್ತದೆ, ಮತ್ತು ಅಂಗಳದ ಬಳ್ಳಿಗೂ ಅವೇ ಗುಣಗಳಿವೆ ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಹೂವಿನ ಬಣ್ಣವನ್ನೇ ಸಾಕ್ಷಿಯಾಗಿ ಕೊಡುವವರು ಒಮ್ಮೆ ಎಲೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ದರೆಯ ಬಳ್ಳಿಯ ಎಲೆ ದಪ್ಪ, ಹೊಳಪುಳ್ಳದ್ದು. ಅದರ ಎರಡೂ ಅಂಚುಗಳಿಂದ ಒಂದೊಂದು ಹಾಲೆ ಚಾಚಿಕೊಂಡು ಎಲೆಗೆ ಮೂರು ಮೂಲೆ ಬಂದಿರುತ್ತದೆ. ಗದ್ದೆಯ ಹುಣಿ, ತೇವದ ಬೈಲುಗಳಲ್ಲಿ ಬೆಳೆಯುವ ಹಳದಿ ಭೃಂಗರಾಜದ ಎಲೆ ಉದ್ದ, ಕಿರಿದು, ಅದಕ್ಕೆ ಹಾಲೆಗಳಿಲ್ಲ. ಇನ್ನು ಅಜ್ಜಿಯಂದಿರು ಎಣ್ಣೆ ಕಾಯಿಸುತ್ತಿದ್ದ ಭೃಂಗರಾಜ, ಅಂದರೆ ಗರುಗವಂತೂ ಬಿಳಿ ಹೂವಿನದು. ಅದರ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ರಸ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುತ್ತದೆ. ಇಷ್ಟು ಸುಲಭವಾದ ಪರೀಕ್ಷೆ ಕೈಯಲ್ಲೇ ಇರುವಾಗ ಬಣ್ಣ ನೋಡಿ ಔಷಧಿ ಮಾಡುವುದು ಸರಿಯಲ್ಲ.

ಬಳ್ಳಿಯನ್ನು ತೆಗೆಯುವ ಬಗೆಯನ್ನು ಯಾರೂ ಕೇಳಿಲ್ಲವಾದರೂ ಹೇಳಲೇಬೇಕು. ನೆಲಕ್ಕೆ ತಾಗಿದ ಪ್ರತಿ ಗಂಟಿನಲ್ಲೂ ಬೇರು ಬಿಡುವ ಈ ಬಳ್ಳಿ ಹರಡುವುದು ಬೀಜಕ್ಕಿಂತ ಹೆಚ್ಚಾಗಿ ತುಂಡುಗಳಿಂದ. ಹುಲ್ಲು ಕತ್ತರಿಸುವ ಯಂತ್ರ ಹಾಯಿಸಿದರೆ ಸಿಡಿದ ಚೂರುಗಳೆಲ್ಲ ಹೊಸ ಗಿಡಗಳಾಗುತ್ತವೆ. ತೋಡಿಗೆ ಎಸೆದದ್ದು ಕೆಳಗಿನ ತೋಟದಲ್ಲಿ ಚಿಗುರುತ್ತದೆ. ಮಣ್ಣು ಮೆತ್ತಗಿರುವಾಗ ಬೇರುಸಮೇತ ಕಿತ್ತು, ಮಳೆ ಬಿಟ್ಟ ಮೇಲೆ ಕಲ್ಲಿನ ಮೇಲೆ ಹರಡಿ ಪೂರ್ತಿ ಒಣಗಿಸಿ. ಹಸಿಯಾಗಿರುವಾಗ ಹಟ್ಟಿಗೆ ಸೊಪ್ಪಾಗಿ ಹಾಕಬೇಡಿ. ಬದುಕುಳಿದ ಗಂಟುಗಳು ಗೊಬ್ಬರದ ಜೊತೆ ಅಡಿಕೆ ಮರದ ಬುಡ ಸೇರುತ್ತವೆ.