ಹಿಂಡಿದ ಕಬ್ಬನ್ನು ಮತ್ತೆ ಹಿಂಡುವ ಸ್ಪರ್ಧೆ

ನನ್ನ ಭಾವಮೈದುನ ಮಗಳ ನಾಮಕರಣದ ವಿಡಿಯೊವನ್ನು ಇಮೇಲ್‌ನಲ್ಲಿ ಕಳುಹಿಸಲು ಹೊರಟಿದ್ದ. ಫೈಲ್ ದೊಡ್ಡದಾಯಿತು ಎಂದು ಅದನ್ನು ಕುಗ್ಗಿಸಲು ಜಿಪ್ ಮಾಡಿದ. ಗಾತ್ರ ಇಳಿಯಲಿಲ್ಲ. ಫೈಲ್ ಕುಗ್ಗಿಸುವ ಇನ್ನೊಂದು ತಂತ್ರಾಂಶ ವಿನ್‌ರಾರ್ ಹಾಕಿ ನೋಡಿದ. ಆಮೇಲೆ ಸೆವೆನ್-ಜಿಪ್ ತಂದು ಅದರ ‘ಅಲ್ಟ್ರಾ’ ಮಟ್ಟವನ್ನೇ ಆರಿಸಿದ. ಕಂಪ್ಯೂಟರಿನ ಫ್ಯಾನು ಬೊಬ್ಬೆ ಹೊಡೆದದ್ದಷ್ಟೇ ಬಂತು. ಮೂರರಿಂದಲೂ ಹೊರಬಂದದ್ದು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕ ಫೈಲ್. “ಇವುಗಳಲ್ಲಿ ಯಾವುದು ಒಳ್ಳೆಯದು, ಭಾವ?” ಎಂದು ಕೇಳಿದ.

ಯಾವುದೂ ಕೆಟ್ಟದ್ದಲ್ಲ. ಅವುಗಳ ಕೈಗೆ ಬರುವ ಮೊದಲೇ ಕೆಲಸ ಮುಗಿದಿತ್ತು.

ದೇವರನಾಮಗಳ ಪುಸ್ತಕವನ್ನು ನೆನಪಿಸಿಕೊಳ್ಳಿ. ಪಲ್ಲವಿಯನ್ನು ಪೂರ್ತಿ ಮುದ್ರಿಸುವುದು ಒಂದೇ ಸಲ. ಪ್ರತಿ ಚರಣದ ಕೊನೆಗೆ ಬರೀ ‘ಪ’ ಎಂಬ ಗುರುತು. ಹಾಡುವವರು ಹಿಂದಕ್ಕೆ ಹೋಗಿ ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. 1977ರಲ್ಲಿ ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ ಪ್ರಕಟಿಸಿದ ವಿಧಾನದ ತಿರುಳು ಇದೇ: ಮೊದಲೇ ಬಂದ ತುಣುಕು ಮತ್ತೆ ಬಂದರೆ ಅದನ್ನು ಬರೆಯಬೇಡ, ‘ಇಷ್ಟು ಹಿಂದೆ ಹೋಗು, ಇಷ್ಟು ಉದ್ದ ಎತ್ತಿಕೋ’ ಎಂದು ಬರೆ. ಇದರ ಮೇಲೆ ಡೇವಿಡ್ ಹಫ್‌ಮನ್ 1952ರಲ್ಲಿ ಕೊಟ್ಟ ಉಪಾಯವೂ ಸೇರುತ್ತದೆ. ಪದೇಪದೇ ಬರುವುದಕ್ಕೆ ಗಿಡ್ಡ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. ಫಿಲ್ ಕಾಟ್ಜ್ 1989ರಲ್ಲಿ ಶುರುಮಾಡಿದ ಜಿಪ್ ಇಂದಿಗೂ ಬಹುಮಟ್ಟಿಗೆ ಈ ಎರಡರ ಜೋಡಿಯ ಮೇಲೆಯೇ ನಡೆಯುತ್ತಿದೆ. ರಾರ್, ಸೆವೆನ್-ಜಿಪ್ ಇದೇ ವಂಶದ ಕುಡಿಗಳು. ಹಿಂದಕ್ಕೆ ಎಷ್ಟು ದೂರ ನೋಡಬಲ್ಲವು ಎಂಬುದರಲ್ಲಿ ಮುಖ್ಯ ವ್ಯತ್ಯಾಸ.

ಆ ದೂರ ಸಣ್ಣ ವಿಷಯವಲ್ಲ. ಜಿಪ್‌ನ ರೂಢಿಯ ವಿಧಾನ ಹಿಂದಿನ 32 ಕೆಬಿಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ವಿಡಿಯೊ ಎಂದರೆ ಒಂದರ ಹಿಂದೊಂದು ಓಡುವ ಚಿತ್ರಗಳು. ಇನ್ನೂ ಕುಗ್ಗಿಸದ ಫುಲ್ ಎಚ್‌ಡಿ ಚಿತ್ರದ ಒಂದು ಅಡ್ಡಸಾಲಿನಲ್ಲಿ 1920 ಚುಕ್ಕಿಗಳು, ಚುಕ್ಕಿಗೆ 3 ಬೈಟ್. ಅಂದರೆ ಜಿಪ್‌ನ ನೆನಪಿನಲ್ಲಿ ನಿಲ್ಲುವುದು ಐದೂವರೆ ಸಾಲು. ಇಡೀ ಚಿತ್ರಕ್ಕೆ 62 ಲಕ್ಷ ಬೈಟ್ ಬೇಕು, ಹಾಗಾಗಿ ಹಿಂದಿನ ಚಿತ್ರ ಅದರ ಕಣ್ಣಿಗೇ ಬೀಳದು. ಹತ್ತಾರು ಎಂಬಿ ಹಿಂದಕ್ಕೆ ನೋಡುವ ಸೆವೆನ್-ಜಿಪ್‌ಗೆ ಬೀಳುತ್ತದೆ. ಆದರೂ ಹೆಚ್ಚಿನ ಲಾಭವಿಲ್ಲ. ಅಲುಗಾಡದ ಬಿಳಿಗೋಡೆಯನ್ನು ಚಿತ್ರೀಕರಿಸಿದರೂ ಕ್ಯಾಮೆರಾದೊಳಗಿನ ಸಣ್ಣ ಏರುಪೇರಿನಿಂದಾಗಿ (ನಾಯ್ಸ್) ಪ್ರತಿ ಚುಕ್ಕಿಯ ಅಂಕಿ ಕ್ಷಣಕ್ಷಣಕ್ಕೂ ಒಂದೆರಡು ಮೇಲೆ ಕೆಳಗೆ ಆಡುತ್ತಿರುತ್ತದೆ. ಈ ತಂತ್ರಾಂಶಗಳಿಗೆ ಅಕ್ಷರಶಃ ಅದೇ ಬೇಕು. ‘ಹೆಚ್ಚುಕಡಿಮೆ ಅದೇ’ ಎಂಬ ಮಾತು ಅವುಗಳಿಗೆ ಅರ್ಥವಾಗುವುದಿಲ್ಲ.

ಆ ಮಾತು ಅರ್ಥವಾಗುವುದು ವಿಡಿಯೊ ಕೋಡೆಕ್‌ಗಳಿಗೆ, ಅಂದರೆ ವಿಡಿಯೊವನ್ನು ಕುಗ್ಗಿಸಿ ಬರೆಯುವ, ನೋಡುವಾಗ ಮತ್ತೆ ಬಿಡಿಸುವ ವಿಧಾನಗಳಿಗೆ. ಸೆಕೆಂಡಿಗೆ 30 ಚಿತ್ರಗಳಂತೆ ಒಂದು ನಿಮಿಷದ ಕಚ್ಚಾ ವಿಡಿಯೊ 11 ಜಿಬಿ ಆಗಬೇಕು. ಫೋನಿನಲ್ಲಿ ಉಳಿಯುವುದು ನೂರು–ನೂರೈವತ್ತು ಎಂಬಿ. ಉಳಿದದ್ದೆಲ್ಲ ಚಿತ್ರೀಕರಣದ ಹೊತ್ತಿಗೇ ಮಾಯ. ಬಣ್ಣದ ಸೂಕ್ಷ್ಮ ನಮ್ಮ ಕಣ್ಣಿಗೆ ಅಷ್ಟಾಗಿ ತಿಳಿಯದ ಕಾರಣ ಬಣ್ಣದ ಮಾಹಿತಿಯ ಮುಕ್ಕಾಲು ಭಾಗವನ್ನು ಮೊದಲಿಗೇ ಬಿಡುತ್ತಾರೆ. ಹಿಂದಿನ ಚಿತ್ರದ ಯಾವ ತುಂಡು ಎತ್ತ ಸರಿಯಿತು ಎಂದು ಹುಡುಕಿ, ಮಿಕ್ಕ ವ್ಯತ್ಯಾಸವನ್ನಷ್ಟೇ ಬರೆದಿಡುತ್ತಾರೆ.

ಆ ವ್ಯತ್ಯಾಸವನ್ನು ಸೋಸುವ ಗಣಿತದ ಹಿಂದೆ ಬೆಂಗಳೂರಿನವರೊಬ್ಬರಿದ್ದಾರೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. 1972ರಲ್ಲಿ ಅವರು ಈ ಸಂಶೋಧನೆಗೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ ಬಳಿ ಹಣ ಕೇಳಿದರೆ ಸಿಗಲಿಲ್ಲ. ವಿಚಾರ ತೀರಾ ಸರಳವಾಗಿದೆ ಎಂಬ ಅಭಿಪ್ರಾಯ ಬಂದಿತ್ತಂತೆ. 1974ರಲ್ಲಿ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಅವರು ಪ್ರಕಟಿಸಿದ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಚಿತ್ರದ ಚೌಕವೊಂದನ್ನು ನಿಧಾನದ ಏರಿಳಿತ, ಚುರುಕಿನ ಏರಿಳಿತ ಎಂದು ಬೇರ್ಪಡಿಸುತ್ತದೆ. ಚುರುಕಿನವುಗಳಲ್ಲಿ ಬಹಳಷ್ಟು ಕಣ್ಣಿಗೆ ತಿಳಿಯವು. ಅವನ್ನು ಒರಟಾಗಿ ಪೂರ್ಣಾಂಕಕ್ಕಿಳಿಸಿದರೆ ಸಾಲುಸಾಲು ಸೊನ್ನೆಗಳು. ಜೆಪಿಇಜಿ ಚಿತ್ರದಿಂದ ಹಿಡಿದು ಎಚ್.264 ವಿಡಿಯೊದವರೆಗೆ ಈ ಗಣಿತವೋ ಇದರ ಹತ್ತಿರದ ನೆಂಟನೋ ಕೆಲಸ ಮಾಡುತ್ತಿದೆ. ಅತಿ ಸರಳ ಎನಿಸಿಕೊಂಡ ವಿಚಾರಕ್ಕೆ ಇದೇನೂ ಸಣ್ಣ ಬಾಳುವೆಯಲ್ಲ.

ಕೊನೆಯ ಹಂತದಲ್ಲಿ ಕೋಡೆಕ್ ಮಿಕ್ಕ ಅಂಕಿಗಳಿಗೆ ಗಿಡ್ಡ–ಉದ್ದ ಸಂಕೇತಗಳನ್ನೂ ತಾನೇ ಕೊಟ್ಟು ಮುಗಿಸಿರುತ್ತದೆ, ಅದೂ ಹಫ್‌ಮನ್ ವಿಧಾನಕ್ಕಿಂತ ಬಿಗಿಯಾಗಿ. ಹೊರಬಂದ ಬೈಟುಗಳಲ್ಲಿ ಪಲ್ಲವಿಯೇ ಇಲ್ಲ. ಕಬ್ಬಿನ ಹಾಲಿನ ಅಂಗಡಿಯವನು ಸಿಪ್ಪೆಯನ್ನು ಮಡಚಿ ಮಡಚಿ ನಾಲ್ಕನೆಯ ಸಲ ಯಂತ್ರಕ್ಕೆ ಕೊಟ್ಟಾಗ ತೊಟ್ಟಿಕ್ಕುವ ನಾಲ್ಕು ಹನಿಗಾಗಿ ಜಿಪ್, ರಾರ್, ಸೆವೆನ್-ಜಿಪ್ ಪೈಪೋಟಿ ನಡೆಸುತ್ತವೆ. ಫೈಲಿನ ತಲೆಬರಹ, ವಿಳಾಸಪಟ್ಟಿಗಳಂಥ ಕಡೆ ಒಂದಿಷ್ಟು ಸಿಗುತ್ತದೆ. ಕೆಲವೊಮ್ಮೆ ಅದೂ ಸಿಗದೆ, ಹೊದಿಕೆಯ ತೂಕ ಸೇರಿ ಫೈಲ್ ದೊಡ್ಡದಾಗುವುದೂ ಉಂಟು.

ಹೋಲಿಕೆ ಮಾಡುವವರು ಎಡವುವ ಜಾಗವೊಂದಿದೆ. ಒಂದೇ ವಿಡಿಯೊದ ಎರಡು ಪ್ರತಿಗಳು ಫೋಲ್ಡರಿನಲ್ಲಿ ಸೇರಿಕೊಂಡಿದ್ದರೆ, ಮತ್ತು ಆ ವಿಡಿಯೊ ಸೆವೆನ್-ಜಿಪ್‌ನ ನೆನಪಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಿದ್ದರೆ, ಗಾತ್ರ ಏಕಾಏಕಿ ಅರ್ಧಕ್ಕಿಳಿಯುತ್ತದೆ. ಜಿಪ್ ಪ್ರತಿ ಫೈಲನ್ನೂ ಬೇರೆಬೇರೆಯಾಗಿ ನೋಡುವುದರಿಂದ ಅದಕ್ಕೆ ಇದು ಗೊತ್ತೇ ಆಗುವುದಿಲ್ಲ. ಅಲ್ಲಿ ಗೆದ್ದದ್ದು ವಿಡಿಯೊ ಕುಗ್ಗಿಸುವ ಜಾಣ್ಮೆಯಲ್ಲ, ನಮ್ಮ ಅಜಾಗರೂಕತೆ ಹಿಡಿದ ಜಾಣ್ಮೆ.

ಹಲವು ವಿಡಿಯೊಗಳನ್ನು ಒಂದೇ ಕಟ್ಟಾಗಿಸಲು, ತುಂಡು ಮಾಡಲು, ಪಾಸ್‌ವರ್ಡ್ ಹಾಕಲು ಈ ತಂತ್ರಾಂಶಗಳು ಬೇಕೇ ಬೇಕು. ಆಗ ‘ಸ್ಟೋರ್’ ಆಯ್ಕೆ ಸಾಕು; ಕುಗ್ಗಿಸುವ ಗೋಜಿಗೆ ಹೋಗದೆ ಬೇಗ ಮುಗಿಸುತ್ತದೆ. ಗಾತ್ರವೇ ಇಳಿಯಬೇಕಾದರೆ ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಮರು ಎನ್‌ಕೋಡ್ ಮಾಡಬೇಕು, ಅಂದರೆ ಕೋಡೆಕ್‌ನಿಂದ ಮತ್ತೊಮ್ಮೆ ಕುಗ್ಗಿಸಿ ಬರೆಸಬೇಕು. 2003ರ ಎಚ್.264 ಕೋಡೆಕ್‌ಗೆ ಹೋಲಿಸಿದರೆ 2013ರ ಎಚ್.265 ಅದೇ ಗುಣಮಟ್ಟವನ್ನು ಸುಮಾರು ಅರ್ಧ ಬಿಟ್‌ಗಳಲ್ಲಿ ಕೊಡುವ ಗುರಿಯಿಂದ ರೂಪುಗೊಂಡದ್ದು. ಆದರೆ ಜಿಪ್ ಬಿಚ್ಚಿದರೆ ಮೂಲ ಚಾಚೂ ತಪ್ಪದೆ ಸಿಗುತ್ತದೆ. ಮರು ಎನ್‌ಕೋಡ್‌ನಲ್ಲಿ ಒಮ್ಮೆ ಹೋದದ್ದು ಹೋಯಿತು.

ಭಾವಮೈದುನ ಹ್ಯಾಂಡ್‌ಬ್ರೇಕ್ ಹಾಕಿಕೊಂಡು ಸಂಭ್ರಮದಲ್ಲಿದ್ದಾನೆ. ಮೂಲ ವಿಡಿಯೊವನ್ನು ಅಳಿಸಬೇಡ ಎಂದು ನಾನು ಹೇಳಿದ್ದು ಮರುದಿನ. ಅಷ್ಟರಲ್ಲಿ ಅಳಿಸಿದ್ದನೋ ಇಲ್ಲವೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ.