ಹದಿನೆಂಟು ಜಾಗ, ಒಂದು ಹೆಬ್ಬೆರಳು

ನಮ್ಮ ಚಿಕ್ಕಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕ, ಬಟ್ಟೆ ಅಂಗಡಿಯ ಒಂದು ದೊಡ್ಡ ಕವರ್ ಇದೆ. ಅದರ ತುಂಬ ರಿಪೋರ್ಟುಗಳು. ಇಎಸ್‌ಆರ್, ಥೈರಾಯ್ಡ್, ಆರ್‌ಎ ಫ್ಯಾಕ್ಟರ್, ಯೂರಿಕ್ ಆಸಿಡ್, ಸೊಂಟದ ಎಕ್ಸ್‌ರೇ, ಕತ್ತಿನ ಎಂಆರ್‌ಐ. ಆರು ವರ್ಷ ಸೇರಿಸಿದ್ದು. ಎಲ್ಲದರ ಕೊನೆಗೂ ಒಂದೇ ಮಾತು: ನಾರ್ಮಲ್. ಬೇರೆಯವರಾದರೆ ಈ ಪದ ಕೇಳಿ ದೇವರಿಗೆ ಕೈಮುಗಿಯುತ್ತಾರೆ. ಚಿಕ್ಕಮ್ಮ ಮಾತ್ರ ಪ್ರತಿ ಸಲ ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬರುತ್ತಿದ್ದರು. 'ಏನಾದ್ರೂ ಒಂದು ಸಿಕ್ಕಿದ್ರೆ ಚೆನ್ನಾಗಿತ್ತು ಕಣೋ' ಎಂದಿದ್ದರು ಒಮ್ಮೆ.

ಬೆಳಿಗ್ಗೆ ಏಳುವಾಗ ಮೈಯೆಲ್ಲ ಒನಕೆಯಲ್ಲಿ ಕುಟ್ಟಿದ ಹಾಗೆ. ಎಂಟು ಗಂಟೆ ಮಲಗಿದ್ದರೂ ಕಣ್ಣೇ ಮುಚ್ಚಿಲ್ಲವೇನೋ ಅನ್ನುವ ಸುಸ್ತು. ಇವತ್ತು ಭುಜ, ನಾಳೆ ಸೊಂಟ, ನಾಡಿದ್ದು ಮೀನಖಂಡ. ಒಲೆ ಮೇಲೆ ಏನಿಟ್ಟೆ ಅನ್ನುವುದೇ ಮರೆತುಹೋಗುತ್ತಿತ್ತು. ಒಬ್ಬ ಡಾಕ್ಟರು ಕ್ಯಾಲ್ಸಿಯಂ ಬರೆದುಕೊಟ್ಟರು. ಇನ್ನೊಬ್ಬರು 'ಟೆನ್ಶನ್ ಮಾಡ್ಕೋಬೇಡಿ ಅಮ್ಮಾ' ಅಂದರು. ಪಕ್ಕದ ಮನೆಯವರು ವಾಯು ಅಂದರು. ಕೊನೆಗೆ ಸಿಕ್ಕ ರುಮಟಾಲಜಿಸ್ಟ್ (ಸಂಧಿವಾತ ತಜ್ಞರು) ಕವರ್ ಬಿಚ್ಚುವ ಮೊದಲೇ ಕೇಳಿದ್ದು, 'ನಿದ್ದೆ ಹೇಗೆ ಬರುತ್ತೆ?' ಆ ದಿನ ಒಂದು ಹೆಸರು ಸಿಕ್ಕಿತು. ಫೈಬ್ರೊಮಯಾಲ್ಜಿಯ.

ಆರು ವರ್ಷ ಯಾಕೆ ಬೇಕಾಯಿತು? ಡಾಕ್ಟರುಗಳನ್ನು ಬೈಯುವುದು ಸುಲಭ. ನಾನೂ ಸಾಕಷ್ಟು ಬೈದಿದ್ದೇನೆ. ಆದರೆ ಈ ಕಾಯಿಲೆಯ ಹಿಂದಿನ ಕತೆ ಓದಿದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. ರಕ್ತದಲ್ಲಿ ಕಾಣದ, ಫೋಟೋದಲ್ಲಿ ಬೀಳದ ನೋವನ್ನು ಏನೆಂದು ನಂಬುವುದು ಅನ್ನುವ ಜಗಳ ವೈದ್ಯರ ನಡುವೆಯೇ ನೂರೈವತ್ತು ವರ್ಷದಿಂದ ನಡೆದುಬಂದಿದೆ.

1869ರಲ್ಲಿ ಅಮೆರಿಕದ ಜಾರ್ಜ್ ಬಿಯರ್ಡ್ ಎಂಬ ವೈದ್ಯ ಇಂಥ ಸುಸ್ತು, ನೋವುಗಳಿಗೆಲ್ಲ 'ನ್ಯೂರಸ್ತೇನಿಯ' ಎಂದು ಹೆಸರಿಟ್ಟ. ನರಗಳ ಶಕ್ತಿ ಖಾಲಿಯಾಗಿದೆ ಎಂಬ ಲೆಕ್ಕ. ಹೆಂಗಸರಿಗೆ ಇದಕ್ಕೆ ಕೊಡುತ್ತಿದ್ದ ಚಿಕಿತ್ಸೆ ಎಂದರೆ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿ ಹಾಲು ಕುಡಿಸುವುದು.

1904ರಲ್ಲಿ ಲಂಡನ್ನಿನ ನರರೋಗ ತಜ್ಞ ವಿಲಿಯಂ ಗವರ್ಸ್ ಸೊಂಟನೋವಿನ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಸ್ನಾಯುಗಳ ಸುತ್ತಲಿನ ನಾರಿನಂಥ ಭಾಗದಲ್ಲಿ ಉರಿಯೂತ ಆಗಿರಬೇಕು ಎಂದು ಊಹಿಸಿ 'ಫೈಬ್ರೊಸೈಟಿಸ್' ಎಂಬ ಪದ ಹುಟ್ಟಿಸಿದ. ಇದಕ್ಕೆ ಆತ ಸೂಚಿಸಿದ ಮದ್ದುಗಳಲ್ಲಿ ಕೊಕೇನ್ ಚುಚ್ಚುಮದ್ದೂ ಇತ್ತು, ಆ ಕಾಲ ಹಾಗಿತ್ತು. ಅದೇ ವರ್ಷ ಸ್ಕಾಟ್ಲೆಂಡಿನ ರಾಲ್ಫ್ ಸ್ಟಾಕ್‌ಮನ್, ರೋಗಿಗಳ ಮೈಯಲ್ಲಿದ್ದ ಗಂಟುಗಳನ್ನು ಕತ್ತರಿಸಿ ತೆಗೆದು ಮೈಕ್ರೋಸ್ಕೋಪಿನಲ್ಲಿಟ್ಟು, ಉರಿಯೂತ ಕಂಡಿತು ಎಂದ. ಊಹೆಗೆ ಸಾಕ್ಷಿಯೂ ಸಿಕ್ಕಿತಲ್ಲ! ಆದರೆ ಮುಂದೆ ಹುಡುಕಿದವರಿಗೆ ಆ ಉರಿಯೂತ ಕಾಣಲೇ ಇಲ್ಲ. ಹೆಸರು ಮಾತ್ರ ಎಪ್ಪತ್ತು ವರ್ಷ ಹಾಗೇ ಉಳಿಯಿತು.

ಉರಿಯೂತ ಇಲ್ಲದಿದ್ದರೆ ಇನ್ನೇನು? ಎರಡನೇ ಮಹಾಯುದ್ಧದ ಹೊತ್ತಿಗೆ ಸೈನಿಕರು ಮೈಕೈ ನೋವೆಂದು ಮಿಲಿಟರಿ ಆಸ್ಪತ್ರೆಗಳಿಗೆ ಬಂದರು. ಕೀಲುಗಳು ಚೆನ್ನಾಗಿವೆ, ಊತ ಇಲ್ಲ. ಆಗ ಹುಟ್ಟಿದ ಹೆಸರು 'ಸೈಕೋಜೆನಿಕ್ ರುಮಾಟಿಸಂ'. ಅಂದರೆ ಮನಸ್ಸಿನಿಂದ ಬಂದ ಸಂಧಿವಾತ. ಚಿಕ್ಕಮ್ಮನಿಗೆ ಸಿಕ್ಕ 'ಟೆನ್ಶನ್ ಮಾಡ್ಕೋಬೇಡಿ'ಯ ಅಜ್ಜ ಇವನೇ ಇರಬೇಕು.

ಕತೆ ತಿರುಗಿದ್ದು ಕೆನಡಾದ ಟೊರಾಂಟೊದಲ್ಲಿ. 1970ರ ದಶಕದಲ್ಲಿ ಅಲ್ಲಿನ ಹ್ಯೂ ಸ್ಮೈತ್ ಎಂಬ ವೈದ್ಯರು ಒಂದು ವಿಷಯ ಗಮನಿಸಿದರು. ಈ ರೋಗಿಗಳಿಗೆ ಮೈಯೆಲ್ಲ ನೋವಿದ್ದರೂ ಕೆಲವು ಜಾಗ ಒತ್ತಿದರೆ ಮಾತ್ರ ಚೀರುವಷ್ಟು ನೋಯುತ್ತದೆ. ಆ ಜಾಗಗಳು ಬಹಳ ಜನರಲ್ಲಿ ಒಂದೇ. ಅವರ ಜೊತೆಗಿದ್ದ ಹಾರ್ವೆ ಮೊಲ್ಡೋಫ್‌ಸ್ಕಿ ನಿದ್ದೆಯ ಮೇಲೆ ಕೆಲಸ ಮಾಡುತ್ತಿದ್ದವರು. ರಾತ್ರಿಯಿಡೀ ರೋಗಿಗಳ ಮಿದುಳಿನ ಅಲೆ ಅಳೆದಾಗ, ಗಾಢನಿದ್ದೆಯ ನಡುವೆ ಎಚ್ಚರದ ಅಲೆಗಳು ನುಗ್ಗುತ್ತಿದ್ದವು. ಹಾಗಾದರೆ ಉಲ್ಟಾ ಮಾಡಿ ನೋಡೋಣ ಎಂದುಕೊಂಡರು. ಆರೋಗ್ಯವಾಗಿದ್ದ ಕೆಲವರನ್ನು ಮಲಗಿಸಿ, ಗಾಢನಿದ್ದೆಗೆ ಜಾರಿದ ಕೂಡಲೇ ಸದ್ದು ಮಾಡಿ ಕದಡಿದರು. ಪೂರ್ತಿ ಎಬ್ಬಿಸಲಿಲ್ಲ, ನಿದ್ದೆ ಕೆಡಿಸಿದರು ಅಷ್ಟೆ. ಕೆಲವೇ ರಾತ್ರಿ ಕಳೆಯುವಷ್ಟರಲ್ಲಿ ಆ ಗಟ್ಟಿಮುಟ್ಟಾದವರೂ ಮೈನೋವು, ಸುಸ್ತು ಎನ್ನತೊಡಗಿದರು. ಇದು ಪ್ರಕಟವಾಗಿದ್ದು 1975ರಲ್ಲಿ. ನಿದ್ದೆ ಹೇಗೆ ಬರುತ್ತೆ ಎಂದು ಚಿಕ್ಕಮ್ಮನನ್ನು ಮೊದಲು ಕೇಳಿದ್ದರ ಹಿಂದೆ ಈ ಟೊರಾಂಟೊದ ರಾತ್ರಿಗಳಿವೆ.

ಮರುವರ್ಷ, 1976ರಲ್ಲಿ, ಉರಿಯೂತ ಎಂಬ ಅರ್ಥ ಕೊಡುವ ಹಳೆಯ ಹೆಸರನ್ನು ಬಿಟ್ಟು, ನಾರು-ಸ್ನಾಯುಗಳ ನೋವು ಎಂದಷ್ಟೇ ಹೇಳುವ 'ಫೈಬ್ರೊಮಯಾಲ್ಜಿಯ' ಪದ ಬಂತು. 1981ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿದ್ದ ಮೊಹಮ್ಮದ್ ಯೂನುಸ್ (ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನವರಲ್ಲ, ಅದೇ ಹೆಸರಿನ ವೈದ್ಯರು) 50 ರೋಗಿಗಳನ್ನು 50 ಆರೋಗ್ಯವಂತರ ಜೊತೆ ಹೋಲಿಸಿ, ಈ ಲಕ್ಷಣಗಳು ಒಟ್ಟೊಟ್ಟಿಗೇ ಬರುತ್ತವೆ ಎಂದು ತೋರಿಸಿದರು. ನೋವು, ಸುಸ್ತು, ಕೆಟ್ಟ ನಿದ್ದೆ, ತಲೆನೋವು, ಹೊಟ್ಟೆಯ ತೊಂದರೆ.

ಇನ್ನು ಹೆಬ್ಬೆರಳಿನ ವಿಷಯ. 1990ರಲ್ಲಿ ಅಮೆರಿಕದ ರುಮಟಾಲಜಿ ಕಾಲೇಜು, ಅಂದರೆ ಅಲ್ಲಿನ ಸಂಧಿವಾತ ತಜ್ಞರ ಸಂಘ, ಫ್ರೆಡರಿಕ್ ವೋಲ್ಫ್ ಅವರ ಮುಂದಾಳತ್ವದಲ್ಲಿ ಈ ಕಾಯಿಲೆ ಗುರುತಿಸಲು ಒಂದು ನಿಯಮ ಮಾಡಿತು. ಮೂರು ತಿಂಗಳಿಂದ ದೇಹದ ಎಡ-ಬಲ, ಮೇಲೆ-ಕೆಳಗೆ ನೋವಿರಬೇಕು. ಜೊತೆಗೆ ಮೈಮೇಲೆ ಗುರುತಿಸಿದ 18 ಜಾಗಗಳಲ್ಲಿ ಕನಿಷ್ಠ 11 ಕಡೆ ಒತ್ತಿದಾಗ ನೋಯಬೇಕು. ತಲೆಬುರುಡೆ ಕತ್ತಿಗೆ ಸೇರುವಲ್ಲಿ, ಹೆಗಲ ಮೇಲೆ, ಎದೆಯ ಎರಡನೇ ಪಕ್ಕೆಲುಬಿನ ಹತ್ತಿರ, ಮೊಣಕೈ ಹೊರಮಗ್ಗುಲಲ್ಲಿ, ಮೊಣಕಾಲಿನ ಒಳಮಗ್ಗುಲಲ್ಲಿ... ಹೀಗೆ ಒಂಬತ್ತು ಜೋಡಿ. ಎಷ್ಟು ಜೋರಾಗಿ ಒತ್ತಬೇಕು? ಸುಮಾರು 4 ಕಿಲೋ. ಅದಕ್ಕೆ ತಕ್ಕಡಿ ಎಲ್ಲಿಂದ ತರೋದು? ಡಾಕ್ಟರ ಹೆಬ್ಬೆರಳಿನ ಉಗುರು ಬೆಳ್ಳಗಾಗುವವರೆಗೆ ಒತ್ತಿದರೆ ಅದು 4 ಕಿಲೋ ಎಂದು ಲೆಕ್ಕ. ಬೇಕಾದರೆ ಈಗಲೇ ಮೇಜಿಗೆ ಹೆಬ್ಬೆರಳು ಒತ್ತಿ ನೋಡಿ. ಉಗುರು ಬಿಳಿಯಾಗುವುದು ಯಾವಾಗ ಅನ್ನುವುದರಲ್ಲೇ ಅನುಮಾನ ಬರುತ್ತದೆ, ಅಲ್ವಾ?

ಈ ನಿಯಮ ಮಾಡಿದ್ದು ಮುಖ್ಯವಾಗಿ ಸಂಶೋಧನೆಗೆ. ಎಲ್ಲರೂ ಒಂದೇ ಥರದ ರೋಗಿಗಳನ್ನು ಆರಿಸಿಕೊಳ್ಳಲಿ ಎಂದು. ಅದು ಕ್ಲಿನಿಕ್ಕುಗಳಿಗೂ ಬಂದು ಕೂತಿತು. ಸೋಮವಾರ ಹತ್ತು ಕಡೆ ನೋಯ್ದವರಿಗೆ ಕಾಯಿಲೆ ಇಲ್ಲ, ಗುರುವಾರ ಹನ್ನೆರಡು ಕಡೆ ನೋಯ್ದರೆ ಇದೆ! ಮಾಮೂಲಿ ಡಾಕ್ಟರುಗಳಲ್ಲಿ ಹೆಚ್ಚಿನವರು ಈ ಜಾಗಗಳನ್ನು ಒತ್ತಿ ನೋಡುತ್ತಲೇ ಇರಲಿಲ್ಲ, ನೋಡಿದರೂ ಸರಿಯಾಗಿ ನೋಡುತ್ತಿರಲಿಲ್ಲ. ಒತ್ತಿದಾಗ ಹೆಂಗಸರಿಗೆ ಸಾಮಾನ್ಯವಾಗಿ ಬೇಗ ನೋಯುತ್ತದೆ. ಹಾಗಾಗಿ ಇದು ಹೆಂಗಸರ ಕಾಯಿಲೆ ಎಂಬ ಮಾತು ಇನ್ನೂ ಗಟ್ಟಿಯಾಯಿತು, ಗಂಡಸರು ಲೆಕ್ಕದಿಂದ ತಪ್ಪಿಹೋದರು. ಎಲ್ಲಕ್ಕಿಂತ ಜಾಸ್ತಿಯಾಗಿ, ಸುಸ್ತು, ನಿದ್ದೆ, ಮರೆವಿಗೆ ಆ ನಿಯಮದಲ್ಲಿ ಜಾಗವೇ ಇರಲಿಲ್ಲ. ಚಿಕ್ಕಮ್ಮನನ್ನು ಕೇಳಿದರೆ ನೋವಿಗಿಂತ ಸುಸ್ತೇ ಸಾಯಿಸುತ್ತದೆ ಎನ್ನುತ್ತಾರೆ.

ಒತ್ತಿದರೆ ನೋಯುತ್ತದೆ ಎಂದು ರೋಗಿ ಹೇಳುವುದು ನಿಜವೇ, ಬರೀ ನಾಟಕವೇ? ಇದಕ್ಕೆ ಉತ್ತರ ಸಿಕ್ಕಿದ್ದೂ ಹೆಬ್ಬೆರಳಿನಿಂದಲೇ. ಈ ಸಲ ರೋಗಿಯ ಹೆಬ್ಬೆರಳು. 2002ರಲ್ಲಿ ಅಮೆರಿಕದ ರಿಚರ್ಡ್ ಗ್ರೇಸ್ಲಿ, ಡೇನಿಯಲ್ ಕ್ಲಾ ಮತ್ತು ಜೊತೆಗಾರರು 16 ರೋಗಿಗಳನ್ನೂ 16 ಆರೋಗ್ಯವಂತರನ್ನೂ ಸ್ಕ್ಯಾನರಿನಲ್ಲಿ ಮಲಗಿಸಿ, ಎಡಗೈ ಹೆಬ್ಬೆರಳಿನ ಉಗುರನ್ನು ಅಳೆದು ಒತ್ತಿದರು. ಆರೋಗ್ಯವಂತರಿಗೆ ಅಷ್ಟೇನೂ ಅನ್ನಿಸದ ಒತ್ತಡಕ್ಕೆ ರೋಗಿಗಳ ಮಿದುಳಿನ ನೋವಿನ ಜಾಗಗಳು ಹೊತ್ತಿಕೊಂಡವು. ಆರೋಗ್ಯವಂತರಲ್ಲಿ ಅಷ್ಟೇ ನೋವು, ಅಂಥದ್ದೇ ಚಿತ್ರ ಬರಬೇಕಾದರೆ ಸುಮಾರು ಎರಡರಷ್ಟು ಒತ್ತಬೇಕಾಯಿತು.

ಗಣಪತಿ ಪೆಂಡಾಲಿನ ಮೈಕ್‌ಸೆಟ್ಟು ನೆನಪಿಸಿಕೊಳ್ಳಿ. ಭಟ್ಟರು ಸುಮ್ನೆ ಗಂಟಲು ಸರಿಮಾಡಿಕೊಂಡರೂ ಬೀದಿ ಕೊನೆಯವರೆಗೆ ಗೊರಗೊರ ಕೇಳುತ್ತದೆ. ಭಟ್ಟರ ಗಂಟಲು ಸರಿಯಾಗೇ ಇದೆ, ಎಕ್ಸ್‌ರೇ ತೆಗೆದರೂ ನಾರ್ಮಲ್. ತೊಂದರೆ ಆಂಪ್ಲಿಫೈಯರಿನಲ್ಲಿ. ಗಾಯದಿಂದ ಬರುವ ನೋವು, ನರ ಕೆಟ್ಟು ಬರುವ ನೋವು, ಇವೆರಡೂ ಅಲ್ಲದೆ ನೋವಿನ ವ್ಯವಸ್ಥೆಯೇ ಹದ ತಪ್ಪಿ ಬರುವ ನೋವು ಮೂರನೆಯದು. ಇದಕ್ಕೆ 2017ರಲ್ಲಿ ನೋವಿನ ತಜ್ಞರ ಅಂತಾರಾಷ್ಟ್ರೀಯ ಸಂಘ 'ನೋಸಿಪ್ಲಾಸ್ಟಿಕ್' ಎಂದು ಹೆಸರು ಕೊಟ್ಟಿತು.

ಅಷ್ಟಾದರೂ ಜಗಳ ನಿಲ್ಲಲಿಲ್ಲ. 2007ರಲ್ಲಿ ಅಮೆರಿಕ ಸರ್ಕಾರ ಪ್ರಿಗ್ಯಾಬಲಿನ್ ಎಂಬ ಮಾತ್ರೆಯನ್ನು ಈ ಕಾಯಿಲೆಗೆ ಒಪ್ಪಿತು. ಟಿವಿಯಲ್ಲಿ ಜಾಹೀರಾತು ಶುರುವಾಯಿತು. ಕಂಪನಿಗಳು ಮಾತ್ರೆ ಮಾರಲು ಕಾಯಿಲೆ ಹುಟ್ಟಿಸುತ್ತಿವೆಯೇ ಎಂದು ಕೆಲವರು ಕೇಳಿದರು. 2008ರಲ್ಲಿ ಪತ್ರಿಕೆಯ ಮುಂದೆ ಅನುಮಾನ ಹೇಳಿಕೊಂಡವರಲ್ಲಿ ಯಾರಿದ್ದರು ಗೊತ್ತೇ? 1990ರ ನಿಯಮ ಬರೆದ ಅದೇ ವೋಲ್ಫ್. ಇದನ್ನು ಒಂದು ಪ್ರತ್ಯೇಕ ಕಾಯಿಲೆ ಎಂದು ಹೆಸರಿಟ್ಟು ಕರೆಯುವುದರಿಂದ ಒಳ್ಳೆಯದಾಗುತ್ತಿದೆಯೇ ಎಂಬುದೇ ಅವರ ಅನುಮಾನವಾಗಿತ್ತು. ಕಟ್ಟಿದವರೇ ಗೋಡೆ ತಟ್ಟಿ ನೋಡುವುದು ಅಪರೂಪ. ನನಗೇನೋ ಅವರ ಮೇಲೆ ಗೌರವ ಬಂತು.

2010ರಲ್ಲಿ ಹೊಸ ನಿಯಮ ಬಂದಾಗಲೂ ಮೊದಲ ಹೆಸರು ವೋಲ್ಫ್ ಅವರದೇ. ಹೆಬ್ಬೆರಳಿಗೆ ರಜೆ ಸಿಕ್ಕಿತು. ಈಗ ಡಾಕ್ಟರು ಕೇಳಬೇಕು. ದೇಹದ 19 ಭಾಗಗಳಲ್ಲಿ ಕಳೆದ ವಾರ ಎಲ್ಲೆಲ್ಲಿ ನೋವಿತ್ತು? ಸುಸ್ತು, ಎದ್ದಾಗಿನ ದಣಿವು, ಮರೆವು ಎಷ್ಟಿದೆ? ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. 2016ರ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸ್ಪಷ್ಟವಾಯಿತು. ಬೇರೆ ಕಾಯಿಲೆ ಇದ್ದ ಮಾತ್ರಕ್ಕೆ ಇದು ಇಲ್ಲ ಎನ್ನುವಂತಿಲ್ಲ. ಸಂಧಿವಾತ ಇದ್ದವರಿಗೂ ಇದು ಇರಬಹುದು. ಚಿಕ್ಕಮ್ಮನ ಕೈಗೆ ಡಾಕ್ಟರು ಮನುಷ್ಯಾಕೃತಿಯ ಚಿತ್ರವೊಂದನ್ನು ಕೊಟ್ಟು ನೋವಿರುವ ಕಡೆ ಪೆನ್ನಲ್ಲಿ ಗುರುತು ಹಾಕಿ ಎಂದಿದ್ದರು. ಅವರು ಮೆತ್ತಗೆ, ರಂಗೋಲಿಗೆ ಚುಕ್ಕಿ ಇಡುವ ಹಾಗೆ ಇಡುತ್ತಾ ಹೋದರು. ಹದಿಮೂರು ಆಯಿತು. 'ಇಷ್ಟೊಂದಾ?' ಎಂದು ತಾವೇ ನಕ್ಕರು.

ಹಾಗಂತ ರಿಪೋರ್ಟುಗಳೆಲ್ಲ ದಂಡ ಅಂತಲ್ಲ. ನಮ್ಮ ಕಡೆ ಇದೇ ವೇಷ ಹಾಕಿಕೊಂಡು ಬರುವ ಬೇರೆ ತೊಂದರೆಗಳು ಬಹಳ. ಥೈರಾಯ್ಡ್ ಕಡಿಮೆಯಾದರೂ ಹೀಗೇ, ವಿಟಮಿನ್ ಡಿ ತೀರಾ ಕಡಿಮೆಯಾಗಿ ಮೂಳೆ ಮೆತ್ತಗಾದರೂ ಹೀಗೇ. ರಕ್ತ ಕಡಿಮೆಯಿದ್ದರೆ ಸುಸ್ತು ಇದ್ದೇ ಇದೆ. ಪಾವಗಡ, ಬಾಗೇಪಲ್ಲಿ ಕಡೆಯವರಾದರೆ ಕುಡಿಯುವ ನೀರು ಯಾವ ಬೋರ್‌ವೆಲ್ಲಿನದು ಎಂದು ಕೇಳಲೇಬೇಕು. ಫ್ಲೋರೈಡ್ ಮೂಳೆಗೆ ಸೇರಿದರೂ ಶುರುವಾಗುವುದು ಇಂಥದ್ದೇ ನೋವು, ಬಿಗಿತದಿಂದ. ಇನ್ನು 2006ರ ಚಿಕುನ್‌ಗುನ್ಯಾವನ್ನು ಮರೆತವರುಂಟೇ? ಆ ವರ್ಷ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಿದ್ದವು. ಊರಿಗೆ ಊರೇ ಬಗ್ಗಿಕೊಂಡು ನಡೆಯುತ್ತಿತ್ತು. ಜ್ವರ ವಾರದಲ್ಲಿ ಹೋಯಿತು, ನೋವು ಕೆಲವರಲ್ಲಿ ವರ್ಷಗಟ್ಟಲೆ ಉಳಿಯಿತು. ಇವನ್ನೆಲ್ಲ ನೋಡಿ ಪಕ್ಕಕ್ಕಿಡಲು ಒಂದಷ್ಟು ಪರೀಕ್ಷೆ ಬೇಕು. ಅದೇ ಎಂಆರ್‌ಐಯನ್ನು ಮೂರು ಸಲ ಮಾಡಿಸುವುದು ಮಾತ್ರ ಬೇಡ.

ಸುಸ್ತೇ ಮುಖ್ಯ ತೊಂದರೆಯಾಗಿರುವ ಇನ್ನೊಂದು ಕಾಯಿಲೆಯೂ ಇದರ ನೆಂಟನೇ, ಎಂಇ ಅಥವಾ ಕ್ರಾನಿಕ್ ಫೆಟೀಗ್ ಸಿಂಡ್ರೋಮ್. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸುಮಾರು 300 ಸಿಬ್ಬಂದಿ ಒಟ್ಟಿಗೆ ಹಾಸಿಗೆ ಹಿಡಿದು ಆಸ್ಪತ್ರೆಯೇ ಮುಚ್ಚಬೇಕಾಯಿತು. ಹದಿನೈದು ವರ್ಷದ ನಂತರ ಇಬ್ಬರು ಮನೋವೈದ್ಯರು ಅದನ್ನು ಸಾಮೂಹಿಕ ಹಿಸ್ಟೀರಿಯ ಎಂದರು. ಬಿದ್ದವರಲ್ಲಿ ಹೆಂಗಸರೇ ಜಾಸ್ತಿ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು! ಇವೆರಡನ್ನೂ ಬೇರೆ ಮಾಡಿ ನೋಡುವುದು ಮುಖ್ಯ. ಫೈಬ್ರೊಮಯಾಲ್ಜಿಯಕ್ಕೆ ಯುರೋಪಿನ ತಜ್ಞರು ಗಟ್ಟಿಯಾಗಿ ಶಿಫಾರಸು ಮಾಡುವುದು ಒಂದನ್ನೇ, ನಿಧಾನವಾಗಿ ಹೆಚ್ಚಿಸುತ್ತಾ ಹೋಗುವ ವ್ಯಾಯಾಮ. ಮಾತ್ರೆಗಳಿಂದ ಚೆನ್ನಾಗಿ ಗುಣ ಕಾಣುವವರು ಸ್ವಲ್ಪ ಜನ. ಎಂಇ ಇದ್ದವರಿಗೆ ಅದೇ ವ್ಯಾಯಾಮ ತಿರುಗಿ ಬೀಳಬಹುದು. ಸ್ವಲ್ಪ ಮೈ ದಣಿಸಿದರೂ ಮರುದಿನ ಏಳಲಾಗದೆ ಬೀಳುವುದು ಆ ಕಾಯಿಲೆಯ ಮುಖ್ಯ ಗುರುತು. 2021ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ನೈಸ್ ಸಂಸ್ಥೆ ಎಂಇ ಇದ್ದವರಿಗೆ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆ ಬೇಡ ಎಂದಿತು.

ಅದೇ 2021ರಲ್ಲಿ ಲಂಡನ್, ಲಿವರ್‌ಪೂಲ್ ಮತ್ತು ಸ್ಟಾಕ್‌ಹೋಮಿನ ವಿಜ್ಞಾನಿಗಳು ಫೈಬ್ರೊಮಯಾಲ್ಜಿಯ ರೋಗಿಗಳ ರಕ್ತದಿಂದ ಆಂಟಿಬಾಡಿಗಳನ್ನು ತೆಗೆದು ಇಲಿಗಳಿಗೆ ಚುಚ್ಚಿದರು. ಇಲಿಗಳಿಗೆ ಒತ್ತಿದರೆ ನೋವು, ತಣ್ಣಗೆ ತಾಗಿದರೆ ನೋವು, ಓಡಾಟ ಕಡಿಮೆ. ಆರೋಗ್ಯವಂತರ ಆಂಟಿಬಾಡಿ ಕೊಟ್ಟ ಇಲಿಗಳಿಗೆ ಏನೂ ಆಗಲಿಲ್ಲ. ಹಾಗಾದರೆ ಇದು ರೋಗನಿರೋಧಕ ವ್ಯವಸ್ಥೆಯ ತೊಂದರೆಯೇ? ಎಲ್ಲರಲ್ಲೂ ಹಾಗೆಯೇ? ಅಷ್ಟು ಬೇಗ ಹೇಳುವಂತಿಲ್ಲ. ಸ್ಟಾಕ್‌ಮನ್‌ನ ಗಂಟುಗಳ ಕತೆ ಗೊತ್ತಿದ್ದವರು ಸ್ವಲ್ಪ ಕಾಯುತ್ತಾರೆ.

ಚಿಕ್ಕಮ್ಮ ಈಗ ಬೆಳಿಗ್ಗೆ ಹತ್ತು ನಿಮಿಷ ನಡೆಯುತ್ತಾರೆ. ಐದರಿಂದ ಹತ್ತಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ಬೀರುವಿನ ಕವರ್ ಬಿಸಾಕೋಣವಾ ಎಂದರೆ ಬೇಡ ಎನ್ನುತ್ತಾರೆ. ಕಾಯಿಲೆಯ ಹೆಸರನ್ನು ಕ್ಯಾಲೆಂಡರಿನ ಹಿಂದೆ ನನ್ನ ಕೈಲೇ ಬರೆಸಿಕೊಂಡಿದ್ದಾರೆ, ನಾಲ್ಕು ಸಲ ಓದಿ ಬಾಯಿಪಾಠವೂ ಮಾಡಿದ್ದಾರೆ. ಮೊನ್ನೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, 'ಡಾಕ್ಟ್ರು ಕೊನೆಗೂ ಏನಂದ್ರು?' ಎಂದು ಕೇಳಿದರು. ಚಿಕ್ಕಮ್ಮ ನನ್ನ ಮುಖ ನೋಡಿದರು. ಆಮೇಲೆ ಅವರ ಕಡೆ ತಿರುಗಿ, 'ವಾಯುನೇ ಅಂತೆ ಕಣ್ರೀ' ಅಂದರು.